ಮೊಳೆ

ಪ್ರೆಸ್ಸು ಮುಚ್ಚಿದ ವರ್ಷ ಮೂರು ತಿಂಗಳ ಪಗಾರದ ಬದಲು
ಅಪ್ಪ ಕೈಗಾಡಿಯಲ್ಲಿ ತಂದದ್ದು
ಹನ್ನೊಂದು ಮರದ ಕೇಸು, ಒಂದು ಮುರುಕು ಸ್ಟೂಲು.
ಮೊಳೆಗಳನ್ನೆಲ್ಲ ಸಾಹುಕಾರರು
ಕರಗಿಸುವವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟಿದ್ದರು.
ಬೆಟಗೇರಿಯ ನಮ್ಮ ಓಣಿ ಬಾಗಿಲಿಗೆ ಬಂದು ನೋಡಿತು.
ಕೇಸಿನೊಳಗೆ ಸಾಲು ಸಾಲು ಸಣ್ಣ ಮನೆ,
ಒಂದರಲ್ಲೂ ಅಕ್ಷರವಿಲ್ಲ.
‘ಒಕ್ಕಲಿಲ್ಲದ ಮನಿ ತಂದಾನ’ ಅಂದಳು
ಅಜ್ಜಿ ಗುರುಬಸವ್ವ.

ಅವ್ವ ಏನೂ ಅನ್ನಲಿಲ್ಲ. ನೀರು ಕಾಯಿಸಿದಳು.
ಸೀಸದ ಪುಡಿ ಕೂತಿದೆ ಎಂದು ಮೂರು ದಿನ
ಬೂದಿ, ಸೀಗೆಕಾಯಿ, ತೆಂಗಿನ ನಾರು,
ಮೂಲೆಗಳಿಗೆ ಹಲ್ಲುಜ್ಜುವ ಹಳೇ ಬ್ರಷ್ಷು.
ಆಮೇಲೆ ಕಾನೂನು ಮಾಡಿದಳು:
‘ಇದರಾಗ ಹೂವಷ್ಟ.
ಹೊಟ್ಟಿಗೆ ಹೋಗೂದು ಬ್ಯಾರೆ ಕಡೆ.’

ಬ್ಯಾರೆ ಕಡೆ ಎಂದರೆ ಸೋರುವ ಕೊಡ,
ಹುಸೇನಬಿ ಖಾಲಾ ಕೊಟ್ಟ ತಳವಿಲ್ಲದ ಹಂಡೆ,
ಪುಂಡಿಪಲ್ಯಕ್ಕೆ ಅವ್ವನ ತವರಿನ ಟ್ರಂಕು.
ಕಾಕಾನ ಮುರಿದ ಮಗ್ಗ ಹೀರೇಬಳ್ಳಿಗೆ ಚಪ್ಪರ.
ಬಳ್ಳಿ ಹಣಿಗೆಯ ಹಲ್ಲುಗಳಲ್ಲಿ ತೂರಿಕೊಂಡು
ಎಳೆ ಎಣಿಸುವವಳಂತೆ ಮೇಲೇರಿತು.
ನಲ್ಲಿ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ.
ಅಕ್ಕಿ ತೊಳೆದ ನೀರು ಹಾಕಲು
ನನಗೂ ತಮ್ಮ ಶಿದ್ರಾಮನಿಗೂ ಪಾಳಿ,
ಪಾಳಿ ತಪ್ಪಿದರೆ ಜಗಳ.

ಅಪ್ಪ ನಿಂತೇ ಬಿತ್ತುತ್ತಿದ್ದ,
ಪ್ರೆಸ್ಸಿನಲ್ಲಿ ನಿಂತ ಹಾಗೆ, ಕೆಳಗೆ ನೋಡದೆ.
ಮನೆಗಳ ಗುರುತು ಕೈಗಿತ್ತು.
‘ರ’ದ ದೊಡ್ಡ ಮನೆಗೆ ಚೆಂಡುಹೂವು,
‘ಳ’ಕ್ಕೆ ಕರ್ಣಕುಂಡಲ,
ಒತ್ತಕ್ಷರಗಳ ಇಕ್ಕಟ್ಟಿನಲ್ಲಿ ತುಳಸಿ.
ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಅಷ್ಟೇ,
ನಾಲ್ಕೆಲೆ ಆದರೆ ಎತ್ತಿ ನೆಲಕ್ಕೆ ಹಚ್ಚಬೇಕು.
‘ರದಾಗಿಂದ ಎಂಟು ತಾ. ಳದಾಗಿಂದ ಮೂರು.
ಮಾದಾಗ ಏನರ ಉಳದಾವೇನ ನೋಡು.’
ಅಂಗೈಯಲ್ಲಿ ಸಸಿ ಹಿಡಿದು ಓಡುತ್ತಿದ್ದೆ.
ನೆಲದಲ್ಲಿ ಯಾವ ಮಾತು ಜೋಡಿಸುತ್ತಿದ್ದನೋ,
ಕೇಳಿದರೆ
‘ಪ್ರೂಫ್ ಬಂದ ಮ್ಯಾಲೆ ನೋಡೂಣು’ ಅನ್ನುತ್ತಿದ್ದ.

ಪ್ರೂಫ್ ತಿದ್ದಲು ಬಂದದ್ದು ಆಡುಗಳು.

ಬೇಲಿಗೆ ತಗಡಿರಲಿಲ್ಲ. ಹೊಸ ಆಫ್‌ಸೆಟ್ಟಿನವರು
ಹಳೇ ಪ್ಲೇಟು ಹಿಂದೆ ಒಗೆಯುತ್ತಾರೆ ಎಂದು ಶಿದ್ರಾಮ ಬಾಯಿಬಿಟ್ಟ.
ಅಪ್ಪ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ತಾನೇ ಹೋಗಿ
ಮೂವತ್ತು ಪ್ಲೇಟು ತಲೆಮೇಲೆ ಹೊತ್ತುತಂದ.
ಯಾರದೋ ಲಗ್ನಪತ್ರಿಕೆ, ಕಿರಾಣಿ ಅಂಗಡಿಯ ಕ್ಯಾಲೆಂಡರು.
ಮೊಳೆ ಹೊಡೆಯುತ್ತ ಸುತ್ತಿಗೆ ನಿಲ್ಲಿಸಿ
ತಗಡಿನ ಮೇಲೆ ನೆಟ್ಟಗೆ ಕೂತ ಅಕ್ಷರ ಮುಟ್ಟಿದ.
‘ಲೋಹದಾಗ ಅಕ್ಷರ ಹಿಂಗ ಇರೂದಿಲ್ಲ’ ಅಂದ.
ಯಾರಿಗೆ ಅಂದನೋ. ಮತ್ತೆ ಹೊಡೆದ.
ಹೀಗೆ ನಮ್ಮ ಬೇಲಿ
ಓಣಿಯ ಆಡುಗಳಿಗೆಲ್ಲ ನೀಲಿ ಅಕ್ಷರದಲ್ಲಿ
‘ತಮ್ಮ ಆಗಮನಾಭಿಲಾಷಿಗಳು’ ಎಂದು ಸಾರಿತು.
ಅವು ಬಂದವು ಕೂಡ, ಸಹಕುಟುಂಬ.

ಒಂದೇ ಮನೆ ಮಾತ್ರ ಮೊಳೆಯಲಿಲ್ಲ. ಮೇಲಿನ ಮೂಲೆಯ ‘ಙ’,
ಹುಣಸೆ ಬೀಜ ಹಿಡಿಸುವಷ್ಟು ಜಾಗ.
ಮೊದಲ ಮಳೆ ಆಯಿತು, ಎರಡನೆಯದೂ ಆಯಿತು.
ಯಾರೂ ಇಲ್ಲದಾಗ ಕಡ್ಡಿಯಿಂದ ಕೆದರಿದೆ.
ಬೀಜ ಇರಲಿಲ್ಲ. ಒಂದು ಮೊಳೆ ಇತ್ತು,
ಮಸಿ ಸೋಕದೆ ಹೊಸದರ ಹಾಗೇ ಹೊಳೆಯುತ್ತ.
ಯಾರ ಲಗ್ನಕ್ಕೂ ಯಾರ ತಿಥಿಗೂ ಬೇಕಾಗದೆ
ಇಪ್ಪತ್ತೆರಡು ವರ್ಷ ಅಲ್ಲೇ ಕೂತಿದ್ದದ್ದು.
ಹಿಂದೆ ಅಪ್ಪ ನಿಂತಿದ್ದ.
‘ಅದರ ಮನಿ ಅದು. ಇರ್ಲಿ ಬಿಡು.’
ಮತ್ತೆ ಮಣ್ಣು ಮುಚ್ಚಿದೆ,
ನೀರೂ ಹಾಕಿದೆ, ಪಾಳಿ ನನ್ನದಲ್ಲದಿದ್ದರೂ.

ಕೇಸುಗಳನ್ನು ಗೆದ್ದಲು ಓದಿ ಮುಗಿಸಿ ಬಹಳ ವರ್ಷವಾಯಿತು.
‘ಙ’ ಈಗ ನನ್ನ ಹೊಲಿಗೆ ಯಂತ್ರದ ಖಾನೆಯಲ್ಲಿ,
ಗುಂಡಿಗಳ ನಡುವೆ.
ಕೈ ಬಿಡುವಾದಾಗ ಹೆಬ್ಬೆರಳಿಗೆ ಒತ್ತಿಕೊಳ್ಳುತ್ತೇನೆ.
ಅರೆಗಳಿಗೆ ನೆಟ್ಟಗೆ ಮೂಡುತ್ತದೆ.
ಆಮೇಲೆ ಚರ್ಮ ಮೆಲ್ಲಗೆ
ಅದನ್ನು ಒಳಗೆ ಕರೆದುಕೊಳ್ಳುತ್ತದೆ.